ಒಂದೇ ತಳಿ ಎಲ್ಲವನ್ನೂ ತಡೆಯುತ್ತದೆ ಎಂದವರು ಯಾರು?

ಮಾನ್ಯ ಸಂಪಾದಕರೇ,

ಸೋಮವಾರ ನಿಮ್ಮ ಕೋಲಾರ ಪುಟದಲ್ಲಿ ಬಂದ ಟೊಮೆಟೊ ಕ್ಷೇತ್ರೋತ್ಸವದ ವರದಿ ಓದಿ ಮೈ ಉರಿಯಿತು. ‘ನಿರೋಧಕ ಜೀನ್ ಇರುವ ತಳಿ, ವೈರಸ್‌ಗೂ ಜಂತುಹುಳುವಿಗೂ ಬಿಸಿಲಿಗೂ ಜಗ್ಗುವುದಿಲ್ಲ’ ಎಂದು ವೇದಿಕೆಯಲ್ಲಿ ಹೇಳಿದ್ದನ್ನು ಹಾಗೇ ಅಚ್ಚು ಹಾಕಿದ್ದೀರಿ. ಅದೇ ತಳಿಯನ್ನು ನಮ್ಮ ಹೊಲದಲ್ಲಿ ನಿನ್ನೆಯಿಂದ ರೋಗ ಹತ್ತಿ ಸಾಲುಸಾಲಾಗಿ ಕಿತ್ತೆಸೆಯುತ್ತಿದ್ದೇವೆ. ನಾಲ್ಕಡಿ ಸಾಲು, ಗಿಡಕ್ಕೆ ಒಂದೂವರೆ ಅಡಿ, ಎಕರೆಗೆ ಏಳು ಸಾವಿರ ಸಸಿ. ಮಲ್ಚಿಂಗ್ ಪೇಪರ್, ಡ್ರಿಪ್, ಕಡ್ಡಿ, ದಾರ, ಕಟ್ಟುವ ಕೂಲಿ ಎಲ್ಲಾ ಮುಗಿದ ಮೇಲೆ ಈ ಗತಿ.

ಟೊಮೆಟೊದಲ್ಲಿ ಸುಮಾರು 35 ಸಾವಿರ ಜೀನ್‌ಗಳಿವೆ, ಅವಕ್ಕೂ ಕುಟುಂಬಗಳಿವೆ, ಒಂದನ್ನೊಂದು ಹೋಲುವ ಜೀನ್‌ಗಳ ಗುಂಪುಗಳು. ರೋಗದ ಗುರುತು ಹಿಡಿಯುವ ಎನ್‌ಎಲ್‌ಆರ್ ಕುಟುಂಬದಲ್ಲೇ ನೂರಾರು ಸದಸ್ಯರಿದ್ದಾರೆ. ಒಬ್ಬ ಹಿಡಿಯುವ ಕಳ್ಳನನ್ನು ಇನ್ನೊಬ್ಬ ಗುರುತಿಸುವುದೇ ಇಲ್ಲ. ಈ ಕುಟುಂಬದ ಎಂಐ-1 ಜೀನ್ ಬೇರಿನಲ್ಲಿ ಗಂಟು ಕಟ್ಟಿಸುವ ಜಂತುಹುಳುವನ್ನು ತಡೆಯುತ್ತದೆ, ನಿಜ. ಆದರೆ ಮಣ್ಣಿನ ಶಾಖ 28 ಡಿಗ್ರಿ ದಾಟಿದರೆ ಅದು ಕೈಕೊಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ 28 ಯಾವ ಲೆಕ್ಕ? ಕಿತ್ತ ಗಿಡದ ಬೇರು ನೋಡಿ, ರಾಗಿ ಕಾಳಿನಿಂದ ಅವರೆ ಕಾಳಿನ ಗಾತ್ರದವರೆಗೆ ಗಂಟು.

ಅದೇ ಕುಟುಂಬದ ಎಸ್‌ಡಬ್ಲ್ಯು-5 ಜೀನ್ ಸ್ಪಾಟೆಡ್ ವಿಲ್ಟ್ ಎಂಬ ವೈರಸ್ಸನ್ನು ತಡೆಯುತ್ತದೆ. ನಮ್ಮ ಕಡೆ ಥ್ರಿಪ್ಸ್ ಎಂಬ ಸಣ್ಣ ಕೀಟ ಹೊತ್ತು ತರುವುದು ಅದರ ದಾಯಾದಿಯನ್ನು, ಕಡಲೆಕಾಯಿಯ ಮೊಗ್ಗು ಸಾಯಿಸುವ ವೈರಸ್ಸನ್ನು. ಎಳೆ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಸುಳಿ ಕಪ್ಪಾಗಿದ್ದರೆ ಅದೇ. ಅದರ ಮುಂದೆ ಈ ಜೀನ್ ಆಟ ನಡೆಯದು. ಎಲೆ ಮುಟುರು ರೋಗಕ್ಕಿರುವ ಟಿವೈ-1, ಟಿವೈ-3 ಜೀನ್‌ಗಳು ಬೇರೆಯೇ ಕುಟುಂಬದವು. ಅವು ವೈರಸ್ ಹೆಚ್ಚಾಗದಂತೆ ಅದುಮಿಡುತ್ತವೆ, ಪೂರ್ತಿ ಕೊಲ್ಲುವುದಿಲ್ಲ. ಹಾಗಾಗಿ ನರ್ಸರಿಯಲ್ಲಿ ಆ ವೈರಸ್ ಹರಡುವ ಬಿಳಿನೊಣ ನುಸುಳದ ಸಣ್ಣ ಕಣ್ಣಿನ ಬಲೆ ಬೇಕೇ ಬೇಕು. ಬಲೆಯ ಮಾತನ್ನು ವೇದಿಕೆಯಲ್ಲಿ ಒಬ್ಬರೂ ಎತ್ತಲಿಲ್ಲ!

ಇನ್ನು ಬಿಸಿಲಿಗೆ, ಶಾಖದಿಂದ ಜೀವಕೋಶವನ್ನು ಕಾಯುವ ಹೀಟ್ ಶಾಕ್ ಪ್ರೋಟೀನಿನ ಕುಟುಂಬವೇ ಬೇರೆ. ಅದು ಎಲೆಯನ್ನು ಉಳಿಸಿದರೂ ಹಗಲು 35 ಡಿಗ್ರಿ ದಾಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಸತ್ತು ಹೂವು ತೊಟ್ಟು ಸಮೇತ ಉದುರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಟೊಮೆಟೊ ತಳಿ ಕೊಟ್ಟಾಗ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಎಂದು ಮೂರು ರೋಗದ ಹೆಸರನ್ನು ಬಿಡಿಸಿ ಹೇಳಿದರು. ಅಷ್ಟು ಹೇಳಲು ಈ ಕ್ಷೇತ್ರೋತ್ಸವದವರಿಗೇನು ಕಷ್ಟ?

ಶಾಲು ಹೊದೆಸಿಕೊಂಡು ವೇದಿಕೆಯಲ್ಲಿ ಕೂತಿದ್ದ ಅಧಿಕಾರಿಗಳು ಈಗ ಫೋನ್ ಎತ್ತುವುದಿಲ್ಲ. ಎರಡು ವರ್ಷದ ಹಿಂದೆ ಕೊಟ್ಟ ಮಣ್ಣಿನ ಮಾದರಿಯ ವರದಿ ಇನ್ನೂ ಬಂದಿಲ್ಲ. ನಮ್ಮ ಕೆರೆಗಳಿಗೆ ಬಿಡುವ ಬೆಂಗಳೂರಿನ ಕೊಳಚೆ ನೀರನ್ನು, ಅಂದರೆ ಕೆ.ಸಿ. ವ್ಯಾಲಿ ನೀರನ್ನು, ಮೂರನೇ ಹಂತದವರೆಗೆ ಶುದ್ಧ ಮಾಡಿ ಎಂದು ಜಿಲ್ಲೆಯೇ ಕೂಗಿದರೂ ಕಿವಿಗೆ ಬೀಳಲಿಲ್ಲ. ಮಂಡಿಯಲ್ಲಿ ಬೆಲೆ ಬಿದ್ದಾಗಲೂ ಇವರ ಮುಖ ಕಾಣಲಿಲ್ಲ.

ಅಧಿಕಾರಿಗಳೇ, ಬೀಜದ ಪೊಟ್ಟಣದ ಮೇಲೆ ಯಾವ ಜೀನ್, ಯಾವ ರೋಗಕ್ಕೆ, ಎಷ್ಟು ಶಾಖದವರೆಗೆ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿ. ನಷ್ಟವಾದವರಿಗೆ ಪರಿಹಾರವನ್ನೂ ಕೊಡಿಸಿ. ಮಣ್ಣಿನ ವರದಿ ಎಲ್ಲಿದೆ ಎಂದೂ ಹೇಳಿ. ಸಂಬಳ ಎಣಿಸುವವರಿಗೆ ಹೊಲಕ್ಕೆ ಒಮ್ಮೆ ಬಂದು ಈ ಬೇರು ನೋಡುವ ಪುರುಸೊತ್ತೂ ಇಲ್ಲವೇ?

– ಒಬ್ಬ ಟೊಮೆಟೊ ಬೆಳೆಗಾರ, ಕೋಲಾರ ತಾಲ್ಲೂಕು