ನೆಗಡಿ ಬಂತೂಂತ ಮೂಗು ಕೊಯ್ಯೋ ಲ್ಯಾಪ್‌ಟಾಪ್ ರಿಪೇರಿ

ಮಾನ್ಯ ಸಂಪಾದಕರೇ,

ನಿಮ್ಮ ಪೇಪರಲ್ಲಿ ಟೆಕ್ನಾಲಜಿ ಅಂದ್ರೆ ಹೊಸ ಮೊಬೈಲ್ ರೇಟು, ಕ್ಯಾಮೆರಾ ಇಷ್ಟೇ ಬರುತ್ತೆ, ಅದಕ್ಕೇ ಈ ಪತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ನಿಲ್ತಲ್ಲ, ನನ್ನ ಹಳೇ ಲ್ಯಾಪ್‌ಟಾಪಿಗೆ 11 ಹಾಕೋಕಾಗಲ್ಲ ಅಂತ ಅಕ್ಕನ ಮಗ ವಿಂಡೋಸ್ ಬದಲು ಓಡೋ ಉಬುಂಟು 24.04 ಅನ್ನೋ ಲಿನಕ್ಸ್ ಸಿಸ್ಟಮ್ ಹಾಕ್ಕೊಟ್ಟ, ಡಿಸ್ಕಿಗೆ ಪಾಸ್‌ವರ್ಡ್ ಬೇರೆ ಇಟ್ಟ. ಚೆನ್ನಾಗೇ ಇತ್ತು.

ಹೋದ ತಿಂಗಳು ಒಂದಿನ ರಾತ್ರಿ ಅವನು ಹೇಳ್ಕೊಟ್ಟಂಗೆ ಟರ್ಮಿನಲ್‌ನಲ್ಲಿ, ಅಂದ್ರೆ ಕಮಾಂಡ್ ಟೈಪ್ ಮಾಡೋ ಕಿಟಕೀಲಿ, ಅಪ್‌ಡೇಟ್ ಕೊಟ್ಟೆ, ಹೊಸ ಕರ್ನಲ್ (ಇಡೀ ಸಿಸ್ಟಮ್ ನಡೆಸೋ ಮೂಲ ಪ್ರೋಗ್ರಾಂ) ಬಂತು, ಕೊನೇಲಿ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಅಂತ ಏನೋ ಓಡ್ತು, ನಾನು ತಲೆ ಕೆಡಿಸ್ಕೊಳ್ಳದೆ ಮಲ್ಕೊಂಡೆ. ಬೆಳಿಗ್ಗೆ ಆನ್ ಮಾಡಿದ್ರೆ ಕಪ್ಪು ಸ್ಕ್ರೀನು, 'ಕರ್ನಲ್ ಪ್ಯಾನಿಕ್' ಅಂತ ಶುರುವಾಗಿ 'ಅನ್‌ನೋನ್ ಬ್ಲಾಕ್ (0,0)' ಅಂತ ಮುಗಿಯೋ ಸಾಲು, ಕ್ಯಾಪ್ಸ್ ಲಾಕ್ ದೀಪ ಮಿಣಮಿಣ. ಒಳಗೆ ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆ ಎಲ್ಲಾ ಇದೆ, ಎದೆ ಧಸಕ್ ಅಂತು.

ಪೇಟೆ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಎರಡು ನಿಮಿಷ ನೋಡಿ "ಹಾರ್ಡ್ ಡಿಸ್ಕ್ ಹೋಗಿದೆ ಮೇಷ್ಟ್ರೇ, ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕ್ತೀನಿ, ಡೇಟಾ ಆಮೇಲೆ ರಿಕವರಿ ಮಾಡೋಣ" ಅಂದ. ಅಲ್ಲೇ ನಿಂತು ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ, "ಮಾವ, ಡಿಸ್ಕ್ ಪಾಸ್‌ವರ್ಡ್ ಕೇಳ್ತಾ ಇಲ್ವಾ?" ಇಲ್ಲ, ಕೇಳ್ಲೇ ಇಲ್ಲ. "ಹಂಗಾದ್ರೆ ಡಿಸ್ಕಿಗೆ ಏನೂ ಆಗಿರ್ಲಿಕ್ಕಿಲ್ಲ, ಮನೆಗೆ ತಗೊಂಡ್ಹೋಗಿ" ಅಂದ. ಇನ್ನೂರು ರೂಪಾಯಿ ಚೆಕಿಂಗ್ ಚಾರ್ಜ್ ಕೊಟ್ಟು ಎತ್ಕೊಂಡು ಬಂದೆ.

ವಿಷ್ಯ ಇಷ್ಟೇ. ಕರ್ನಲ್ ಜೊತೆ ಇನಿಟ್‌ರಾಮ್‌ಎಫ್‌ಎಸ್ ಅಂತ ಇನ್ನೊಂದು ಫೈಲು ಇರುತ್ತೆ, ಪಾಸ್‌ವರ್ಡ್ ಕೇಳಿ ಡಿಸ್ಕಿನ ಬೀಗ ತೆಗೆಯೋದು ಅದೇ. ಈ ಫೈಲುಗಳು ಕೂರೋ /ಬೂಟ್ ಅನ್ನೋ ಡಿಸ್ಕಿನ ಭಾಗಕ್ಕೆ ಪುಣ್ಯಾತ್ಮ ಬರೀ 500 ಎಂಬಿ ಇಟ್ಟಿದ್ದ, ಹಳೇ ಕರ್ನಲ್‌ಗಳೇ ಕೂತು ಅದು ತುಂಬೋಗಿತ್ತು, ಹೊಸ ಕರ್ನಲ್ ಬಂತು ಆದ್ರೆ ಅದರ ಈ ಫೈಲು ಬರೆಯೋಕೆ ಜಾಗ ಇರ್ಲಿಲ್ಲ. ಮನೆ ಯಜಮಾನ ಬಂದು ಬಾಗಿಲಲ್ಲಿ ನಿಂತವ್ನೆ, ಬೀಗದ ಕೈ ಇಲ್ಲ, ಅಷ್ಟೇ ಕತೆ.

ಉಬುಂಟು ಅಪ್‌ಡೇಟ್ ಮಾಡಿದಾಗ ಹಳೇ ಕರ್ನಲ್ ತಕ್ಷಣ ಅಳಿಸಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಆನ್ ಮಾಡಿ ಕಂಪನಿ ಲೋಗೋ ಬರ್ತಿದ್ದಂಗೆ ಎಸ್ಕೇಪ್ ಒತ್ಬೇಕು, ತೀರಾ ಹಳೇ ಮಷೀನಾದ್ರೆ ಶಿಫ್ಟ್ ಹಿಡ್ಕೋಬೇಕು, ಆಗ ಯಾವ ಕರ್ನಲ್‌ನಿಂದ ಶುರು ಮಾಡ್ಬೇಕು ಅಂತ ಆರಿಸೋ ಗ್ರಬ್ ಮೆನು ಬರುತ್ತೆ. ನಾನು ಗಾಬರೀಲಿ ಎಸ್ಕೇಪ್ ಟಕಟಕ ಒತ್ತಿ 'ಗ್ರಬ್>' ಅನ್ನೋ ಖಾಲಿ ಸ್ಕ್ರೀನಿಗೆ ಹೋಗಿ ಬಿದ್ದೆ, ಆಫ್ ಮಾಡಿ ಮತ್ತೆ ಶುರು. ಆಮೇಲೆ 'ಅಡ್ವಾನ್ಸ್ಡ್ ಆಪ್ಷನ್ಸ್' ಒಳಗೆ ಕರ್ನಲ್ ನಂಬರ್ ಇರೋ ಸಾಲುಗಳು, ಮೇಲಿಂದ ಹೊಸದು, ಅದರ ಕೆಳಗಿನ ಹಳೇದು ಆರಿಸಿ ಎಂಟರ್ ಹೊಡೆದೆ. ಪಾಸ್‌ವರ್ಡ್ ಕೇಳೋ ಡಬ್ಬಿ ಬಂತು ನೋಡಿ, ಜೀವ ಬಂದಂಗಾಯ್ತು. ಮೊದ್ಲು ಪ್ರಶ್ನೆಪತ್ರಿಕೆಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಂಡೆ.

ಒಳಗೆ ಹೋಗಿ /ಬೂಟ್ ಎಷ್ಟು ತುಂಬಿದೆ ಅಂತ 'ಡಿಎಫ್ -ಎಚ್ /ಬೂಟ್' ಕೊಟ್ಟು ನೋಡಿದ್ರೆ ನೂರಕ್ಕೆ ನೂರು, ನಾನು ಯಾವ ಹುಡುಗನಿಗೂ ಅಷ್ಟು ಮಾರ್ಕ್ಸ್ ಕೊಟ್ಟಿಲ್ಲ. 'ಸುಡೊ ಆಪ್ಟ್ ಆಟೋರಿಮೂವ್' ಬೇಡದ ಕರ್ನಲ್ ತೆಗೀತು, 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಅರ್ಧಕ್ಕೆ ನಿಂತಿದ್ದನ್ನ ಮುಗಿಸ್ತು, 'ಸುಡೊ ಅಪ್‌ಡೇಟ್-ಗ್ರಬ್' ಕೊಟ್ಟು ರೀಸ್ಟಾರ್ಟ್ ಮಾಡಿದ್ರೆ ಹೊಸ ಕರ್ನಲ್ಲೇ ಸಲೀಸಾಗಿ ಎದ್ದು ಕೂತ್ಕೊಂಡ್ತು. ಕೈಯಾರೆ ಅಳಿಸೋರು ಮಾತ್ರ 'ಯುನೇಮ್ -ಆರ್' ಕೊಟ್ಟು ಈಗ ಯಾವ್ದು ಓಡ್ತಿದೆ ನೋಡ್ಕೊಳ್ಳಿ, ಅದನ್ನೇ ಅಳಿಸಿಬಿಟ್ಟೀರಾ. ಎಲ್ಲರಿಗೂ ಇದೇ ಕಾರಣ ಅಂತಲ್ಲ, ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಓಡಿಸೋ ಡ್ರೈವರ್ ಹೊಸ ಕರ್ನಲ್‌ಗೆ ಹೊಂದ್ಕೊಳ್ಳದೆ ಸ್ಕ್ರೀನ್ ಕಪ್ಪಾಗೋದೂ ಇದೆ, ಅಲ್ಲೂ ಹಳೇ ಕರ್ನಲ್ಲಲ್ಲಿ ಒಳಗೆ ಹೋಗಿ ನೋಡ್ಬಹುದು.

ಅಂಗಡೀಲಿ ಆವತ್ತು ಹೂಂ ಅಂದಿದ್ರೆ? ಪಾಸ್‌ವರ್ಡ್ ಹಾಕಿದ ಡಿಸ್ಕ್ ಫಾರ್ಮ್ಯಾಟ್ ಹೊಡೆದು ಮೇಲೆ ಇನ್ನೊಂದು ಬರೆದ್ರೆ ಬೀಗದ ವಿವರ ಇರೋ ಜಾಗನೇ ಅಳಿಸಿ ಹೋಗುತ್ತೆ, ಆಮೇಲೆ ಪಾಸ್‌ವರ್ಡ್ ಗೊತ್ತಿದ್ರೂ ಪ್ರಯೋಜನ ಇಲ್ಲ. ಆ ಹುಡುಗನ್ನೂ ಬೈಯಲ್ಲ, ಅವನಿಗೆ ಹೇಳ್ಕೊಟ್ಟೋರ್ಯಾರು? ಕನ್ನಡದಲ್ಲಿ ಹುಡುಕಿದ್ರೆ ನನಗೂ ಏನೂ ಸಿಗ್ಲಿಲ್ಲ. ವಾರಕ್ಕೊಂದು ಸಲ ಇಂಥವಕ್ಕೆ ಅರ್ಧ ಕಾಲಂ ಕೊಡಿ ಸಾರ್, ಬರೆಯೋಕೆ ಯಾರೂ ಸಿಗದಿದ್ರೆ ಅಕ್ಕನ ಮಗನನ್ನೇ ಕೂರಿಸಿ ಬರೆಸ್ತೀನಿ.

ಇಂತಿ,
ಒಬ್ಬ ಹೈಸ್ಕೂಲ್ ಮೇಷ್ಟ್ರು, ಸಾಗರ