ಹಳೆ ಔಟ್‌ಬೋರ್ಡ್ ಮೋಟರ್‌ಗೆ ಬೆಲೆ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಯುತ್ತ ಬಂದಂತೆ ಗೋವಾದಲ್ಲಿ ಹಳೆ ಔಟ್‌ಬೋರ್ಡ್ ಮೋಟರ್‌ಗಳ, ಅಂದರೆ ದೋಣಿಯ ಹಿಂಬದಿಗೆ ಕಟ್ಟುವ ಇಂಜಿನ್‌ಗಳ, ವ್ಯಾಪಾರ ಜೋರಾಗುತ್ತದೆ. ಖಾರಿವಾಡಾ, ಬೇತಿಂ, ಶಾಪೋರಾ ಕಡೆಯ ಶೆಡ್ಡುಗಳ ಮೂಲೆಯಲ್ಲಿ ತಾಡಪತ್ರಿ ಹೊದ್ದು ಬಿದ್ದಿದ್ದ ಮೋಟರ್‌ಗಳು ಹೊರಗೆ ಬರುತ್ತವೆ. ಕಾರವಾರ, ಅಂಕೋಲಾ ಕಡೆಯ ಪಾತಿ ದೋಣಿಯವರೂ ಇಲ್ಲಿಗೇ ಬಂದು ಕೊಂಡೊಯ್ಯುತ್ತಾರೆ. ಜಾಹೀರಾತಿನಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ಮಾತು: '40 ಎಚ್‌ಪಿ, ಒಳ್ಳೆ ಕಂಡೀಷನ್, ಎರಡು ವರ್ಷದಿಂದ ಓಡಿಸಿಲ್ಲ, ಕಾರ್ಬೊರೇಟರ್ ಕ್ಲೀನ್ ಮಾಡಿಸಿದರೆ ಸಾಕು.' ಅಷ್ಟರಲ್ಲೇ ಮುಗಿಯುವ ಕೆಲಸವಾಗಿದ್ದರೆ ಮಾರುವವರೇ ಅದನ್ನು ಮಾಡಿಸಿ, ಸ್ಟಾರ್ಟ್ ಮಾಡಿ ತೋರಿಸಿ, ಹೆಚ್ಚಿನ ಬೆಲೆಗೆ ಮಾರುತ್ತಿದ್ದರು.

ಕೊಳ್ಳುವವರು ಎಚ್‌ಪಿ ಮತ್ತು ಕಂಪನಿಯ ಹೆಸರು ನೋಡಿ ದುಡ್ಡು ಕೊಡುತ್ತಾರೆ. ಆದರೆ ಪಾಳುಬಿದ್ದ ಮೋಟರ್‌ನ ಬೆಲೆ ಇರುವುದು ಎರಡೇ ಕಡೆ: ನೀರಿನೊಳಗಿರುವ ಗೇರ್‌ಬಾಕ್ಸ್‌ನಲ್ಲಿ, ಅಂದರೆ ಲೋವರ್ ಯೂನಿಟ್‌ನಲ್ಲಿ, ಮತ್ತು ಮೇಲಿನ ಸಿಲಿಂಡರ್‌ಗಳಲ್ಲಿ. ಇವೆರಡನ್ನೂ ಮೋಟರ್ ಸ್ಟಾರ್ಟ್ ಮಾಡದೆಯೇ ಅರ್ಧ ಗಂಟೆಯಲ್ಲಿ ಪರೀಕ್ಷಿಸಬಹುದು. ಪ್ಲಗ್ ಸ್ಪ್ಯಾನರ್, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್, ಅಗಲ ಬಾಯಿಯ ಸ್ಕ್ರೂಡ್ರೈವರ್, ಟಾರ್ಚು, ಅಳತೆ ಟೇಪು, ಒಂದು ಬಿಳಿ ಬಟ್ಟಲು ಜೊತೆಗಿದ್ದರೆ ಸಾಕು.

ಮೊದಲು ಲೋವರ್ ಯೂನಿಟ್ ನೋಡಿ. ಮೋಟರ್ ನೆಟ್ಟಗೆ ನಿಂತಿರಲಿ. ಬಟ್ಟಲು ಹಿಡಿದು ಕೆಳಗಿನ ಡ್ರೇನ್ ಸ್ಕ್ರೂವನ್ನು ನಿಧಾನವಾಗಿ ಸಡಿಲಿಸಿ. ಮೇಲಿನ ಸ್ಕ್ರೂವನ್ನು ಈಗಲೇ ಮುಟ್ಟಬೇಡಿ. ತಿಂಗಳುಗಟ್ಟಲೆ ಅಲುಗದ ಮೋಟರ್‌ನಲ್ಲಿ ಎಣ್ಣೆಗಿಂತ ಭಾರವಾದ ನೀರು ತಳಕ್ಕೆ ಇಳಿದಿರುತ್ತದೆ, ಆದ್ದರಿಂದ ಮೊದಲ ಹನಿಗಳೇ ನಿಜ ಹೇಳುತ್ತವೆ. ನೀರು ಬಂದರೆ, ಇಲ್ಲವೇ ಎಣ್ಣೆ ಹಾಲು ಬೆರೆಸಿದ ಚಹಾದಂತೆ ಬಂದರೆ, ನೀರು ತಡೆಯುವ ಸೀಲ್ ಹೋಗಿದೆ ಎಂದೇ ಅರ್ಥ. ನಮ್ಮ ಕರಾವಳಿಯಲ್ಲಿ ಸೀಲ್ ಕೆಡಿಸುವುದು ಹೆಚ್ಚಾಗಿ ಬಲೆಯ ನೈಲಾನ್ ದಾರ. ಅದು ಪ್ರೊಪೆಲ್ಲರ್‌ನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು, ಬಿಸಿಯಾಗಿ, ಸೀಲ್‌ನ ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಸಾಧ್ಯವಾದರೆ ಪ್ರೊಪೆಲ್ಲರ್ ಕಳಚಿ ವಾಷರ್ ಹಿಂದೆ ದಾರವಿದೆಯೇ ನೋಡಿ. ಬರೀ ಸೀಲ್ ಹೋಗಿದ್ದರೆ ಖರ್ಚು ದೊಡ್ಡದಲ್ಲ. ಆದರೆ ಆ ನೀರಿನಲ್ಲೇ ಎರಡು ಮಳೆಗಾಲ ಕಳೆದಿದ್ದರೆ ಬೇರಿಂಗ್‌ಗಳು ತುಕ್ಕು ಹಿಡಿದಿರುತ್ತವೆ, ಸೀಲ್ ಬದಲಿಸಿ ಪ್ರಯೋಜನವಿಲ್ಲ.

ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪಾದ ಪೇಸ್ಟ್ ಸಹಜ. ಉಗುರಿಗೆ ತಾಗುವ ಚೂರುಗಳಿದ್ದರೆ ಅದು ಗೇರಿನ ಹಲ್ಲು. ಇನ್ನೊಂದು ಮಾತು: ಮೈಯೆಲ್ಲ ಉಪ್ಪು ಹಿಡಿದ ಮೋಟರ್‌ನ ಒಳಗೆ ಹೊಚ್ಚ ಹೊಸ, ತಿಳಿಯಾದ ಗೇರ್ ಆಯಿಲ್ ಇದ್ದರೆ ಅದು ಸಂತೋಷದ ವಿಷಯವಲ್ಲ, ಏನನ್ನೋ ತೊಳೆದಿದ್ದಾರೆ ಎಂದೇ ತಿಳಿಯಿರಿ. ಪರೀಕ್ಷೆಯಾದ ಮೇಲೆ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನ ತೂತಿನಿಂದ ಹೊರಬರುವವರೆಗೂ ತುಂಬಬೇಕು. ಮೇಲಿನಿಂದ ಸುರಿದರೆ ಗಾಳಿ ಒಳಗೇ ಉಳಿಯುತ್ತದೆ.

ನಂತರ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ. ನ್ಯೂಟ್ರಲ್‌ನಲ್ಲಿ ಸಲೀಸಾಗಿ ತಿರುಗಬೇಕು, ಗೇರ್ ಹಾಕಿದಾಗ ಹಿಡಿಯಬೇಕು. ಶಾಫ್ಟಿನ ತುದಿ ತಿರುಗುವಾಗ ಓಲಾಡಿದರೆ ಬಂಡೆಗೆ ಬಡಿದು ಬಾಗಿದೆ. ಗೇರ್‌ಬಾಕ್ಸ್‌ನ ಅಡಿಯ ರೆಕ್ಕೆ (ಸ್ಕೆಗ್) ತುದಿಯಲ್ಲಿ ಸ್ವಲ್ಪ ಮುರಿದಿದ್ದರೆ ಅಷ್ಟು ಹೆದರಬೇಕಿಲ್ಲ, ಶಾಫ್ಟು ನೆಟ್ಟಗಿದ್ದರೆ ಸಾಕು.

ಈಗ ಸಿಲಿಂಡರ್. ಹಗ್ಗ ಜಗ್ಗುವ ಆತುರ ಬೇಡ. ಎಲ್ಲ ಪ್ಲಗ್‌ಗಳನ್ನೂ ಬಿಚ್ಚಿ, ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಉಲ್ಟಾ ತಿರುಗಿಸಿದರೆ ಇಂಜಿನ್ ತಂಪಾಗಿಸಲು ನೀರು ಎತ್ತುವ ಇಂಪೆಲ್ಲರ್‌ನ, ಒಣಗಿ ಗಟ್ಟಿಯಾದ ರಬ್ಬರ್ ಎಸಳುಗಳು ಮುರಿಯಬಹುದು. ಗರಗರ ಸದ್ದು ಬಂದರೆ ಕ್ರ್ಯಾಂಕ್ ಬೇರಿಂಗ್‌ಗೆ ತುಕ್ಕು ತಗುಲಿದೆ. ಮೋಟರನ್ನು ಅಡ್ಡ ಮಲಗಿಸಿ, ಲೋವರ್ ಯೂನಿಟ್ ಮೇಲಾಗುವಂತೆ ಇಟ್ಟಿದ್ದರೆ ಮೋಟರ್‌ನ ಕಾಲಿನೊಳಗೆ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಭಾಗ) ಉಳಿದ ಉಪ್ಪುನೀರು ಎಕ್ಸಾಸ್ಟ್ ದಾರಿಯಲ್ಲಿ ಇಳಿದು ಸಿಲಿಂಡರ್ ಸೇರಿರುತ್ತದೆ. ಎಷ್ಟು ವರ್ಷ ಇಟ್ಟಿದ್ದರು ಎಂಬುದಕ್ಕಿಂತ ಹೇಗೆ ಇಟ್ಟಿದ್ದರು ಎಂಬುದೇ ಮುಖ್ಯ. ತಿರುಗದೇ ಬಿಗಿದುಕೊಂಡಿದ್ದರೆ ಅಲ್ಲಿ ಬಲಪ್ರಯೋಗ ಬೇಡ. ಅದನ್ನು ಸ್ಪೇರ್ ಪಾರ್ಟ್ಸ್ ಲೆಕ್ಕದಲ್ಲೇ ಕೇಳಿ.

ಸಲೀಸಾಗಿ ತಿರುಗಿದರೆ ಪ್ಲಗ್ ತೂತಿಗೆ ಗೇಜ್ ಹಾಕಿ. ಕಿಲ್ ಸ್ವಿಚ್ಚಿನ ಕ್ಲಿಪ್ ತೆಗೆದು, ಪ್ಲಗ್ ವಯರುಗಳನ್ನು ಬ್ಲಾಕಿಗೆ ಅರ್ತ್ ಮಾಡಿ. ವಯರು ಗಾಳಿಯಲ್ಲಿ ತೂಗುತ್ತಿರುವಾಗ ಜಗ್ಗಿದರೆ ಪ್ಲಗ್‌ಗೆ ಕಿಡಿ ಒದಗಿಸುವ ಎಲೆಕ್ಟ್ರಾನಿಕ್ ಘಟಕ, ಸಿಡಿಐ, ಸುಡುವ ಅಪಾಯವಿದೆ. ಥ್ರಾಟಲ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಬಾರಿ ಜೋರಾಗಿ ಜಗ್ಗಿ. ಪೆಟ್ರೋಲ್ ಟೂ-ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ 100ರಿಂದ 130 ಪಿಎಸ್‌ಐ ಬಂದರೆ ಚಿಂತೆಯಿಲ್ಲ. ಸೀಮೆಎಣ್ಣೆ ಮಾಡೆಲ್‌ಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರಕ್ಕೆ ಬೆಲೆ ಹೆಚ್ಚು. ಒಂದರಲ್ಲಿ 120, ಇನ್ನೊಂದರಲ್ಲಿ 115 ಇದ್ದರೆ ಒಳ್ಳೆಯದು. 120 ಮತ್ತು 90 ಇದ್ದರೆ ರಿಂಗ್, ಪಿಸ್ಟನ್ ಅಥವಾ ಹೆಡ್ ಗ್ಯಾಸ್ಕೆಟ್ ಕೆಲಸ ಕಾದಿದೆ. ಇಲ್ಲೂ ಒಂದು ಕೈಚಳಕವುಂಟು: ಪ್ಲಗ್ ತೂತಿಗೆ ಮುಂಚೆಯೇ ಎಣ್ಣೆ ಬಿಟ್ಟಿದ್ದರೆ ಸವೆದ ರಿಂಗ್ ಕೂಡ ತಾತ್ಕಾಲಿಕವಾಗಿ ಬಿಗಿಯಾಗಿ ಗೇಜಿನ ಮುಳ್ಳು ಮೇಲೇರುತ್ತದೆ. ಬಿಚ್ಚಿದ ಪ್ಲಗ್ ಎಣ್ಣೆಯಲ್ಲಿ ತೊಯ್ದಿದ್ದರೆ, ತೂತಿಗೆ ಬಟ್ಟೆ ಅಡ್ಡ ಹಿಡಿದು ಹತ್ತು ಸಲ ಜಗ್ಗಿ ಎಣ್ಣೆ ಹೊರಹಾಕಿ, ಮತ್ತೆ ಅಳೆಯಿರಿ.

ಟಾರ್ಚಿನ ಬೆಳಕಲ್ಲಿ ಪಿಸ್ಟನ್ ತಲೆ ನೋಡುವುದನ್ನು ಮರೆಯಬೇಡಿ. ಒಂದು ಕಪ್ಪಗೆ ಕಾರ್ಬನ್ ಹಿಡಿದಿದ್ದು, ಪಕ್ಕದ್ದು ತೊಳೆದಿಟ್ಟಂತೆ ಬೆಳ್ಳಗೆ ಹೊಳೆಯುತ್ತಿದ್ದರೆ ಆ ಸಿಲಿಂಡರಿಗೆ ನೀರು ನುಗ್ಗುತ್ತಿತ್ತು. ಮೊಬೈಲಿಗೆ ಜೋಡಿಸುವ ಸಣ್ಣ ಎಂಡೊಸ್ಕೋಪ್ ಕ್ಯಾಮೆರಾ ಇದ್ದರೆ ಸಿಲಿಂಡರ್ ಗೋಡೆಯ ಉದ್ದುದ್ದ ಗೀರುಗಳೂ ಕಾಣುತ್ತವೆ.

ಉಪ್ಪು ಮಾಡುವ ಅನಾಹುತ ಹೆಚ್ಚಾಗಿ ಬೋಲ್ಟುಗಳಲ್ಲಿ ಅಡಗಿರುತ್ತದೆ. ಥರ್ಮೋಸ್ಟಾಟ್ ಮುಚ್ಚಳ, ಎಕ್ಸಾಸ್ಟ್ ಕವರ್, ಲೋವರ್ ಯೂನಿಟ್ ಸೇರುವ ಜಾಗಗಳಲ್ಲಿ ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟಿದ್ದರೆ, ಸ್ಟೀಲು ಅಲ್ಯೂಮಿನಿಯಂ ಒಳಗೆ ಬೆಸೆದುಕೊಂಡಿದೆ ಎಂದು ತಿಳಿಯಿರಿ. ಇಂಪೆಲ್ಲರ್ ಅಗ್ಗದ ಸಾಮಾನು, ಅದನ್ನು ತಲುಪಲು ಬಿಚ್ಚಬೇಕಾದ ಬೋಲ್ಟು ಒಳಗೇ ತುಂಡಾದರೆ ಮಜೂರಿ ಅದರ ಹಲವು ಪಟ್ಟು. ಮೋಟರ್‌ನ ಮೈ ಬದಲು ತಾನು ಕರಗಲೆಂದೇ ಜೋಡಿಸಿದ ಸತುವಿನ ತುಂಡು, ಅಂದರೆ ಜಿಂಕ್ ಆನೋಡ್, ಪೂರ್ತಿ ಕರಗಿಹೋಗಿದ್ದರೆ ಅದರ ನಂತರ ಕರಗತೊಡಗಿದ್ದು ಮೋಟರ್‌ನ ಮೈಯೇ. ಆನೋಡಿನ ಮೇಲೂ ಪೇಂಟ್ ಹೊಡೆದಿದ್ದರೆ ಆ ಮಾಲೀಕರಿಗೆ ಅದು ಏನೆಂದೇ ಗೊತ್ತಿರಲಿಲ್ಲ, ಉಳಿದ ದೇಖರೇಖೆಯನ್ನೂ ಅದರಿಂದಲೇ ಊಹಿಸಿಕೊಳ್ಳಿ. ಕ್ಲ್ಯಾಂಪ್ ಬ್ರ್ಯಾಕೆಟ್‌ಗೆ ಎಂ-ಸೀಲ್ ಮೆತ್ತಿ ಹೊಸ ಪೇಂಟ್ ಬಳಿದಿದ್ದರೆ ಬಿರುಕು ಕೆಳಗೇ ಇದೆ. ಹ್ಯಾಂಡಲ್ ಎಡಬಲಕ್ಕೆ ತಿರುಗದಿದ್ದರೆ ಮೋಟರ್ ತಿರುಗುವ ಕೀಲು, ಸ್ವಿವೆಲ್, ಒಣಗಿ ಹಿಡಿದಿದೆ, ಬಿಸಿ ಮಾಡಿ ಬಿಡಿಸಲು ದಿನಗಟ್ಟಲೆ ಕೆಲಸವಾಗಬಹುದು.

ಕಾರ್ಬೊರೇಟರ್, ಪೆಟ್ರೋಲ್ ಪೈಪ್, ಪ್ರೈಮರ್ ಬಲ್ಬು, ಪಂಪಿನ ಡಯಾಫ್ರಾಮ್ ಇವು ಹೇಗೂ ಬದಲಾಗಬೇಕಾದವು. ಈಗ ಬಂಕಿನಲ್ಲಿ ಸಿಗುವ 20% ಎಥನಾಲ್ ಬೆರೆತ ಪೆಟ್ರೋಲನ್ನು ಹಳೆ ರಬ್ಬರು ಬಹಳ ದಿನ ತಾಳುವುದಿಲ್ಲ. ಚೆನ್ನಾಗಿದೆ ಎಂದರೂ ಖರ್ಚಿನ ಪಟ್ಟಿಗೆ ಸೇರಿಸಿಬಿಡಿ.

ಸ್ಟಾರ್ಟ್ ಮಾಡಿ ತೋರಿಸುತ್ತೇವೆ ಎಂದರೆ, ಪ್ರೊಪೆಲ್ಲರ್‌ನ ಮೇಲಿರುವ ಅಡ್ಡ ತಟ್ಟೆ, ಅಂದರೆ ಕ್ಯಾವಿಟೇಷನ್ ಪ್ಲೇಟ್, ಮುಳುಗುವಷ್ಟು ನೀರಿರುವ ಡ್ರಮ್ಮಿನಲ್ಲೇ ಮಾಡಲಿ. ನೀರಿಲ್ಲದೆ ಅರ್ಧ ನಿಮಿಷ ಓಡಿದರೂ ಇಂಪೆಲ್ಲರ್ ಸುಟ್ಟುಹೋಗಬಹುದು. ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು. ಗೇರ್ ಲೋಡಿನಲ್ಲಿ ಜಾರುತ್ತದೆಯೇ ಎಂಬುದು ಮಾತ್ರ ಡ್ರಮ್ಮಿನಲ್ಲಿ ಗೊತ್ತಾಗದು, ಅದಕ್ಕೆ ದೋಣಿಗೇ ಕಟ್ಟಬೇಕು.

ಇನ್ನು ಬೆಲೆ. ಅದೇ ಮಾಡೆಲ್‌ನ, ಓಡುವ ಸ್ಥಿತಿಯ ಸೆಕೆಂಡ್‌ಹ್ಯಾಂಡ್ ಮೋಟರ್‌ಗೆ ನಿಮ್ಮ ಕಡೆ ನಡೆಯುವ ದರವನ್ನು 100 ಅಂತಿಟ್ಟುಕೊಳ್ಳಿ. ಇಂಪೆಲ್ಲರ್ ಕಿಟ್, ಕಾರ್ಬೊರೇಟರ್ ಕಿಟ್, ಸೀಲ್, ಪ್ಲಗ್, ಪೈಪ್, ಆನೋಡ್, ಮಜೂರಿಗೆ 20 ಕಳೆಯಿರಿ. ಸ್ಟಾರ್ಟ್ ಆಗಿದ್ದನ್ನು ಕಣ್ಣಾರೆ ನೋಡಿಲ್ಲವಾದರೆ ಇನ್ನೂ 20 ಕಳೆಯಿರಿ. ಗೇರ್ ಆಯಿಲ್, ಕಂಪ್ರೆಷನ್ ಎರಡೂ ಚೆನ್ನಾಗಿರುವ ಮೋಟರ್ ಹೀಗೆ 60ಕ್ಕೆ ನಿಲ್ಲುತ್ತದೆ. ಎಣ್ಣೆಗೆ ನೀರು ಸೇರಿದ್ದರೆ ನಾವು 45 ದಾಟುವುದಿಲ್ಲ. ಗೇರಿನ ಚೂರು ಕಂಡರೆ, ಅಥವಾ ಒಂದು ಸಿಲಿಂಡರ್ ಸೋತಿದ್ದರೆ, 30. ಇಂಜಿನ್ ಬಿಗಿದುಕೊಂಡು ಲೋವರ್ ಯೂನಿಟ್ ಮಾತ್ರ ಚೆನ್ನಾಗಿದ್ದರೆ 15ರಿಂದ 20. ಎರಡೂ ಹೋಗಿದ್ದರೆ ಅದು ಗುಜರಿಯವರ ತಕ್ಕಡಿಗೆ ಬಿಟ್ಟ ವಿಷಯ. ಇವು ನಮ್ಮ ರೂಢಿಯ ಅಂದಾಜು, ಸರ್ಕಾರಿ ದರವೇನಲ್ಲ. ಬಿಡಿಭಾಗ ಸುಲಭಕ್ಕೆ ಸಿಗದ ಕಂಪನಿಯದಾದರೆ ಇನ್ನೂ ಇಳಿಸಿ. ಜಾನ್ಸನ್, ಎವಿನ್‌ರೂಡ್ ತಯಾರಿಸುತ್ತಿದ್ದ ಮೂಲ ಕಂಪನಿ 2000ದಲ್ಲೇ ದಿವಾಳಿಯಾಯಿತು, ಎವಿನ್‌ರೂಡ್ ತಯಾರಿಕೆ 2020ರಲ್ಲಿ ಪೂರ್ತಿ ನಿಂತಿತು. ಇಂಜೆಕ್ಷನ್ ಇರುವ ಫೋರ್-ಸ್ಟ್ರೋಕ್ ಮೋಟರ್ ಸತ್ತು ಬಿದ್ದಿದ್ದರೆ, ಎಷ್ಟೇ ಅಗ್ಗವಾಗಿರಲಿ, ದೋಣಿಯವರಿಗೆ ಅದರ ಗೊಡವೆ ಬೇಡ.

ಶಾಫ್ಟಿನ ಉದ್ದ, ಅಂದರೆ ದೋಣಿಯ ಹಲಗೆ ಮೇಲೆ ಕೂರುವ ಬ್ರ್ಯಾಕೆಟ್‌ನಿಂದ ಕ್ಯಾವಿಟೇಷನ್ ಪ್ಲೇಟ್‌ವರೆಗಿನ ಉದ್ದ, ಅಳೆಯದೆ ಮುಂಗಡ ಕೊಡಬೇಡಿ. 15 ಇಂಚಿನದು ಶಾರ್ಟ್, 20 ಇಂಚಿನದು ಲಾಂಗ್. ನಿಮ್ಮ ದೋಣಿಯ ಹಿಂಬದಿಯ ಹಲಗೆ 20 ಇಂಚು ಎತ್ತರವಿದ್ದು ಶಾರ್ಟ್ ಮೋಟರ್ ತಂದರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಸುಮ್ಮನೆ ಬೊಬ್ಬೆ ಹೊಡೆಯುತ್ತದೆ. ಬ್ರ್ಯಾಕೆಟ್ ಮೇಲಿನ ನಂಬರ್ ಪ್ಲೇಟ್ ಕಿತ್ತಿದ್ದರೆ ಅಥವಾ ಕೆರೆದಿದ್ದರೆ, ಬಿಲ್ಲಿನ ನಂಬರಿಗೆ ತಾಳೆಯಾಗದಿದ್ದರೆ, ಅಲ್ಲಿಂದಲೇ ಎದ್ದು ಬನ್ನಿ. ಸಹಾಯಧನದಲ್ಲಿ ಕೊಂಡ ಮೋಟರ್ ಆದರೆ ಮಾರಾಟಕ್ಕೆ ಷರತ್ತೇನಾದರೂ ಇದೆಯೇ ಎಂದು ಮೀನುಗಾರಿಕಾ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ ಪತ್ರಿಕೆಗೊಂದು ವಿನಂತಿ. ಇಂಥ ಮೋಟರ್‌ಗಳ ವರ್ಗೀಕೃತ ಜಾಹೀರಾತು ತೆಗೆದುಕೊಳ್ಳುವಾಗ 'ಒಳ್ಳೆ ಕಂಡೀಷನ್' ಎಂಬುದರ ಜಾಗದಲ್ಲಿ ಮಾಡೆಲ್ ನಂಬರ್, ಶಾಫ್ಟಿನ ಉದ್ದ, ಪೆಟ್ರೋಲೋ ಸೀಮೆಎಣ್ಣೆಯೋ, ಪ್ಲಗ್ ಮತ್ತು ಡ್ರೇನ್ ಸ್ಕ್ರೂ ಬಿಚ್ಚಿ ನೋಡಲು ಒಪ್ಪಿಗೆ ಇದೆಯೋ ಇಲ್ಲವೋ ಎಂಬ ನಾಲ್ಕು ಸಂಗತಿ ಹಾಕಿಸಿ. ಎರಡು ಸಾಲು ಹೆಚ್ಚಾದೀತು, ಕುಮಟಾದಿಂದ ಟೆಂಪೊ ಮಾಡಿಕೊಂಡು ಬರುವವರ ಬಾಡಿಗೆ ಉಳಿದೀತು.

ಇತಿ,
ಔಟ್‌ಬೋರ್ಡ್ ರಿಪೇರಿ ಮಾಡುವ ಇಬ್ಬರು ಓದುಗರು,
ವಾಸ್ಕೊ, ಗೋವಾ