ವಾರ್ತೆ ಓದಿಸಿದರೆ ಸಾಕೆ?

ಮಾನ್ಯರೇ,

ವಿಶ್ವ ಮೂಲನಿವಾಸಿಗಳ ದಿನಕ್ಕೆ ನೀವು ಪ್ರಕಟಿಸಿದ ಲೇಖನದಲ್ಲಿ, ಟಿ.ವಿ.ಯಲ್ಲಿ ವಾರ್ತೆ ಓದಲು ಬುಡಕಟ್ಟಿನವರೂ ಬರಬೇಕು ಎಂಬ ಮಾತಿತ್ತು. ಬರಲಿ, ಬೇಡ ಅನ್ನುವವರು ಯಾರು? ಆದರೆ ಮಾತು ಅಲ್ಲಿಗೇ ನಿಂತದ್ದು ನೋಡಿ ನನಗೆ ಆಸ್ಟ್ರೇಲಿಯಾದ ಫ್ರೆಡಾ ಗ್ಲಿನ್ ನೆನಪಾದರು.

1939ರಲ್ಲಿ ಹುಟ್ಟಿದ ಈ ಮೂಲನಿವಾಸಿ ಹೆಣ್ಣುಮಗಳು ಬಾಲ್ಯದ ಒಂದು ಭಾಗ ಕಳೆದದ್ದು ಮರುಭೂಮಿಯ ನಡುವಿನ ಊರು ಆಲಿಸ್ ಸ್ಪ್ರಿಂಗ್ಸ್‌ನ ‘ಬಂಗ್ಲೋ’ದಲ್ಲಿ. ಹೆಸರು ಕೇಳಿ ಮೋಸಹೋಗಬೇಡಿ, ಬಿಳಿಯ ತಂದೆಗೆ ಹುಟ್ಟಿದ ಮೂಲನಿವಾಸಿ ಮಕ್ಕಳನ್ನು ಸರ್ಕಾರ ತಂದಿಡುತ್ತಿದ್ದ ನಿಲಯ ಅದು. ಮುಂದೆ ಫೋಟೊ ತೊಳೆಯುವ ಕತ್ತಲೆ ಕೋಣೆಯಲ್ಲಿ ಕೆಲಸ. 1980ರಲ್ಲಿ ಇನ್ನಿಬ್ಬರ ಜೊತೆ ಸೇರಿ ‘ಕಾಮಾ’ ಎಂಬ ಮಾಧ್ಯಮ ಸಂಸ್ಥೆ ಕಟ್ಟಿದರು. ಶುರು ಮಾಡಿದ್ದು ರೇಡಿಯೊದಿಂದ.

ಅಷ್ಟರಲ್ಲಿ ದೇಶದ ಸ್ವಂತ ಉಪಗ್ರಹ ಬಂತು. ಮರುಭೂಮಿಯ ಮೂಲೆಗೂ ಟಿ.ವಿ. ತಲುಪುತ್ತದೆಂದು ಬೇರೆಯವರು ಹಿಗ್ಗಿದರೆ ಇವರಿಗೆ ದಿಗಿಲು. ಬರುವುದೆಲ್ಲ ಇಂಗ್ಲಿಷ್, ಮಕ್ಕಳ ಬಾಯಲ್ಲಿ ಮನೆಮಾತು ಉಳಿದೀತೆ? ನಮಗೂ ಅರ್ಧ ಗಂಟೆ ಕೊಡಿ ಎಂದು ಅಂಗಲಾಚದೆ, ಚಾನೆಲ್ಲಿನ ಲೈಸೆನ್ಸಿಗೇ ಅರ್ಜಿ ಹಾಕಿದರು. ಪೈಪೋಟಿಗೆ ಉತ್ತರದ ನಗರ ಡಾರ್ವಿನ್‌ನ ಚಾನೆಲ್ಲಿನವರಿದ್ದರು. ಗೆದ್ದದ್ದು ಇವರು. 1988ರ ಜನವರಿಯಲ್ಲಿ ‘ಇಂಪಾರ್ಜಾ’ ಪ್ರಸಾರ ಶುರುವಾಯಿತು. ಅಲ್ಲಿನ ಮೂಲನಿವಾಸಿಗಳ ಅರಂಡ ಭಾಷೆಯಲ್ಲಿ ಹಾಗೆಂದರೆ ಹೆಜ್ಜೆಗುರುತು.

ಅಲ್ಲೂ ಬಹಳ ಹೊತ್ತು ತುಂಬಿಸಿದ್ದು ಊರಾಚೆಯಿಂದ ಕೊಂಡು ತಂದ ಕಾರ್ಯಕ್ರಮಗಳೇ, ಅದನ್ನೇನೂ ಮುಚ್ಚಿಡಬೇಕಿಲ್ಲ. ಆದರೆ ಅವುಗಳ ನಡುವೆ ‘ಙನಂಪ ಅನ್ವರ್ನೆಕೆನ್ಹೆ’ ಎಂಬುದೊಂದು ಬರುತ್ತಿತ್ತು. ಮೊದಲ ಪದ ಪಿಟ್‌ಜಂಟ್‌ಜಾರ ಎಂಬ ಇನ್ನೊಂದು ಮೂಲನಿವಾಸಿ ನುಡಿಯದು, ಎರಡನೆಯದು ಅರಂಡದ್ದು. ಎರಡರ ಅರ್ಥವೂ ಒಂದೇ: ‘ನಮ್ಮದು’. ಜನ ತಮ್ಮ ತಮ್ಮ ನುಡಿಯಲ್ಲೇ ಮಾತಾಡುತ್ತಿದ್ದರು, ಇಂಗ್ಲಿಷ್ ಮಾತ್ರ ಪರದೆಯ ಬುಡದಲ್ಲಿ ಸಣ್ಣಕ್ಷರವಾಗಿ ಕೂತಿರುತ್ತಿತ್ತು. ಇನ್ನೊಂದು ಸಂಗತಿ. ಜಾಹೀರಾತಿನ ದುಡ್ಡು ಬೇಕಾದ ವಾಣಿಜ್ಯ ಚಾನೆಲ್ಲಾದರೂ ಇಂಪಾರ್ಜಾ ಹೆಂಡದ ಜಾಹೀರಾತನ್ನು ಒಲ್ಲೆ ಎಂದಿತು. ಕುಡಿತ ಎಷ್ಟು ಮನೆ ಹಾಳು ಮಾಡಿದೆಯೆಂದು ಕಣ್ಣಾರೆ ಕಂಡವರು ಅದನ್ನು ನಡೆಸುತ್ತಿದ್ದರು. ಬರೀ ವಾರ್ತೆ ಓದುವವರನ್ನು ಕೇಳಿ ಯಾವ ಚಾನೆಲ್ ಇಂಥ ತೀರ್ಮಾನ ಮಾಡೀತು?

ಫ್ರೆಡಾ ಅವರ ಮಗ ವಾರ್ವಿಕ್ ಥಾರ್ನ್‌ಟನ್ ಕ್ಯಾಮೆರಾ ಕಲಿತದ್ದೂ ಕಾಮಾದಲ್ಲೇ. 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚೊಚ್ಚಲ ಚಿತ್ರಕ್ಕೆ ಕೊಡುವ ಪ್ರಶಸ್ತಿ ಅವರಿಗೆ ಬಂತು.

ನಾನು ಕ್ಯಾಮೆರಾ ಹೊತ್ತು ಬದುಕಿದವನು, ಅದಕ್ಕೇ ಇಷ್ಟು ಬರೆದೆ. ಹಲವು ವರ್ಷಗಳ ಹಿಂದೆ ಒಂದು ಖಾಸಗಿ ವಾಹಿನಿಯ ಪರವಾಗಿ ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಯೊಂದಕ್ಕೆ ಹೋಗಿದ್ದೆವು. ನೈಟಿಯಲ್ಲಿದ್ದ ಅಜ್ಜಿಗೆ ಹಳೇ ಸೀರೆ ಉಡಿಸಿ, ಪೆಟ್ಟಿಗೆಯಿಂದ ಮಣಿಸರ ತೆಗೆಸಿ ಹಾಕಿಸಿದೆವು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗನಿಗೆ, ‘ಮೊಬೈಲು ಜೇಬಿಗಿಡಪ್ಪಾ, ಫ್ರೇಮಲ್ಲಿ ಕಾಣ್ತದೆ’ ಅಂದೆ. ಇಟ್ಟುಕೊಂಡ. ಶೂಟಿಂಗ್ ಮುಗಿದ ಮೇಲೆ ಹತ್ತಿರ ಬಂದು, ಕ್ಯಾಮೆರಾ ತೋರಿಸಿ, ‘ಅಣ್ಣಾ, ಇದ್ರಲ್ಲಿ ಎಷ್ಟು ಜಿಬಿ ಹಿಡೀತದೆ? ಒಂದ್ಸಲ ಒಳಗೆ ನೋಡ್ಲಾ?’ ಎಂದು ಕೇಳಿದ. ಹೊತ್ತಾಗಿತ್ತು. ಬ್ಯಾಟರಿ ಬಿಚ್ಚಿಟ್ಟು ವ್ಯಾನ್ ಹತ್ತಿದೆವು.

— ನಿವೃತ್ತ ಕ್ಯಾಮೆರಾಮನ್, ಹುಣಸೂರು